ಕಂಬ ಅಲ್ಲಾಡಿಸುವವನ ಭೂಕಂಪ

ಚಪ್ಪರದ ಕಂಬ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಿಮ್ಮ ಕೈಯೂ ಸುಮ್ಮನಿರುವುದಿಲ್ಲ, ಒಪ್ಪಿಕೊಳ್ಳಿ. ಮದುವೆಯ ಮನೆಗೆ ಹೋಗಿ, ಚಪ್ಪಲಿ ಕಳಚಿ, ಕಾಲಿಗೆ ನೀರು ಹಾಕಿಕೊಂಡು, ಬೆಲ್ಲ ನೀರು ಕುಡಿದು, ಎದುರಿಗೆ ಬಂದವರ ಆರೋಗ್ಯವನ್ನೂ ಅವರ ಅಳಿಯಂದಿರ ಆರೋಗ್ಯವನ್ನೂ ವಿಚಾರಿಸಿದ ಮೇಲೆ, ಹತ್ತಿರದ ಕಂಬವನ್ನು ಹಿಡಿದು ಒಮ್ಮೆ ಅಲ್ಲಾಡಿಸಿ, ತಲೆಯೆತ್ತಿ ಮಾಡಿನ ಕಡೆ ನೋಡಿ "ಹೂಂ" ಎನ್ನದ ಗಂಡಸನ್ನು ಈ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ನಾನಂತೂ ಕಂಡಿಲ್ಲ. ಆ ಹೂಂಕಾರಕ್ಕೆ ಏನರ್ಥವೆಂದು ಯಾರೂ ಕೇಳುವುದಿಲ್ಲ. ಅದು ಮಂತ್ರದ ಹಾಗೆ. ಅರ್ಥಕ್ಕಿಂತ ಉಚ್ಚಾರ ಮುಖ್ಯ.

ಉಳಿದವರದ್ದು ಬರೀ ಹೂಂ. ನನ್ನದು ತೀರ್ಪು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದಕ್ಕೆ ನನಗೇನೂ ಸಂಕೋಚವಿಲ್ಲ, ಏಕೆಂದರೆ ಬೇರೆಯವರು ಹೇಳಲಿ ಎಂದು ಕಾದು ನೋಡಿ ಸಾಕಾಗಿದೆ. ಹೆಣ್ಣು ನೋಡಿದ್ದಾಯಿತು, ಗಂಡು ನೋಡಿದ್ದಾಯಿತು, ಇನ್ನು ಶೀನಣ್ಣ ಬಂದು ಕಂಬ ನೋಡುವುದೊಂದು ಬಾಕಿ ಎಂದು ಮೂರು ತಾಲೂಕಿನವರೂ ನನಗೆ ಜೀಪು ಕಳಿಸುತ್ತಿದ್ದ ಕಾಲವಿತ್ತು. ಸಿರಿಮನೆಯ ಕಡೆ ಒಂದು ಉಪನಯನದಲ್ಲಿ ನಾನು ಅಲ್ಲಾಡಿಸಿದ ರಭಸಕ್ಕೆ ಚಪ್ಪರದ ಒಂದು ಮೂಲೆ ಬಂದು ವಟುವಿನ ಸೋದರಮಾವನ ಮೇಲೆ ಕುಳಿತಿತು. ಜನ ನನ್ನನ್ನು ಬೈದರು. ಊಟದ ಹೊತ್ತಿಗೆ ಬೀಳಬೇಕಾಗಿದ್ದುದನ್ನು ಊಟಕ್ಕೆ ಮೊದಲೇ ಬೀಳಿಸಿ ಪಾಯಸವನ್ನು ಕಾಪಾಡಿದ ಪುಣ್ಯಾತ್ಮ ಎಂದು ಒಬ್ಬನ ಬಾಯಲ್ಲೂ ಬರಲಿಲ್ಲ.

ಈಗೀಗ ಬಲಗೈ ತಾನಾಗಿಯೇ ತುಸು ನಡುಗುತ್ತದೆ. ನನ್ನ ಹೆಂಡತಿ ಸರಸ್ವತಿ ಲೋಟಕ್ಕೆ ಮುಕ್ಕಾಲು ಕಾಫಿ ಮಾತ್ರ ಹಾಕಿ, ಏನೂ ಆಗಿಲ್ಲವೆಂಬಂತೆ ಬೇರೆ ಕಡೆ ನೋಡುತ್ತಾಳೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು. ನಾನು ಒಪ್ಪಲಿಲ್ಲ. ಇಷ್ಟು ವರ್ಷ ಕಂಬಗಳನ್ನು ನಾನು ಅಲ್ಲಾಡಿಸಿದೆ, ಈಗ ಅವು ಸರದಿ ತೆಗೆದುಕೊಂಡಿವೆ, ಅಷ್ಟೆ.

ಹಿರೇಕೊಡಿಗೆಯಲ್ಲಿ ನಮ್ಮದೊಂದು ಸಮುದಾಯ ಭವನವಿದೆ. ಒಳಗೆ ಮಂಟಪ, ಹೊರಗೆ ಅಂಗಳ. ಮದುವೆ ಒಳಗೆ ಆಗುತ್ತದೆ. ಮದುವೆಯ ನಿಜವಾದ ವ್ಯವಹಾರ, ಅಂದರೆ ಊಟ, ಇಸ್ಪೀಟು, ಜಾತಕ ಮತ್ತು ಜಗಳ, ಹೊರಗೆ ಆಗುತ್ತದೆ. ಆ ಅಂಗಳಕ್ಕೆ ಪ್ರತಿವರ್ಷ ಮಳೆ ನಿಂತ ಮೇಲೆ ಗುಂಡಿ ತೋಡಿ, ಕವೆಗಂಬ ನೆಟ್ಟು, ಅಡಿಕೆಯ ದಬ್ಬೆ ಹಾಸಿ, ಸೋಗೆ ಹೊದಿಸಿ ಚಪ್ಪರ ಹಾಕುವುದು, ಮುಂದಿನ ಮಳೆಗೆ ಮೊದಲು ಬಿಚ್ಚಿ ಒಲೆಗೆ ಹಾಕುವುದು ವಾಡಿಕೆ. ಹಾಕಿಸುವವನು ಸಮಿತಿಯ ಅಧ್ಯಕ್ಷ, ನನ್ನ ಬಾಲ್ಯದ ಗೆಳೆಯ ಗೋಪಾಲಣ್ಣ; ಅಲ್ಲಾಡಿಸುವವನು ನಾನು. ಅವನಿಗೆ ಈಗ ಸೊಂಟ ನೋವು, ಚಪ್ಪರ ಕಟ್ಟುವ ಜನವೂ ಸಿಗುವುದಿಲ್ಲ. ಒಮ್ಮೆ ಕಟ್ಟಿದರೆ ಕಟ್ಟಿದ್ದೇ ಆಗಿರುವಂಥ ಉಕ್ಕಿನ ಚಪ್ಪರ ಮಾಡಿಸಿ, ಸೋಗೆಯ ಬದಲು ಸೋಲಾರ್ ಹಲಗೆಗಳನ್ನೇ ಮಾಡಾಗಿ ಹೊದಿಸಿದರೆ ನೆರಳಿಗೆ ನೆರಳೂ ಆಯಿತು, ಕಾಯಿ ತುರಿಯುವ ಮಿಷನ್ನಿಗೆ ಕರೆಂಟೂ ಆಯಿತು ಎಂದು ಸಮಿತಿ ನಿಶ್ಚಯಿಸಿತು. ನೆರಳಿನಿಂದ ಬೆಳಕು ಮಾಡುವುದು ಎಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ಹಾಗಾಗಿ ಸಭೆಯಲ್ಲಿ ಬಲವಾಗಿ ಬೆಂಬಲಿಸಿದೆ.

ನಕ್ಷೆ ಮಾಡಿದವಳು ಅಕ್ಷತಾ. ನನ್ನ ಚಿಕ್ಕಪ್ಪನ ಮಗ ಶೃಂಗೇರಿಯಲ್ಲಿದ್ದಾನಲ್ಲ, ಅವನ ಮಗಳು. ಕಟ್ಟಡಗಳ ಲೆಕ್ಕಾಚಾರ ಓದಿಕೊಂಡು, ಇನ್ನೊಬ್ಬರ ಕೈಕೆಳಗೆ ದುಡಿದು, ಈಗ ಕೊಪ್ಪದಲ್ಲಿ ಸ್ವಂತ ಆಫೀಸು ತೆರೆದಿದ್ದಾಳೆ. ಇದು ಅವಳ ಹೆಸರಿನಲ್ಲಿ, ಅವಳ ಸಹಿಯಲ್ಲಿ ಏಳುವ ಮೊದಲನೆಯ ಕಟ್ಟಣೆ. ಅವಳು ಸಮಿತಿಯವರನ್ನು ಕೂರಿಸಿಕೊಂಡು ಭಾರದ ಲೆಕ್ಕ ಹೇಳಿದಳು, ಎಲ್ಲರೂ ಆಕಳಿಸಿದೆವು. ಗಾಳಿಯ ಲೆಕ್ಕ ಹೇಳಿದಳು; ನಮ್ಮ ಕಡೆ ನಿಜವಾಗಿ ಹೆದರಬೇಕಾದ್ದು ಗಾಳಿಗೇ, ಅದು ಹಲಗೆಗಳನ್ನು ಛತ್ರಿಯ ಹಾಗೆ ಮೇಲಕ್ಕೆ ಎತ್ತಲು ನೋಡುತ್ತದೆ ಎಂದಳು. ಗಾಳಿ ನಮಗೆ ದಿನಾ ಸಿಗುವಂಥದ್ದು; ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ, ನಿಯಮದಲ್ಲಿ ಇದೆ ಎಂಬ ಕಾರಣಕ್ಕೆ ಭೂಕಂಪಕ್ಕೂ ಲೆಕ್ಕ ಹಾಕಿದ್ದೇನೆ ಎಂದಳು ನೋಡಿ, ಸಭೆಗೆ ಸಭೆಯೇ ನೆಟ್ಟಗೆ ಕೂತಿತು.

ದೇಶದ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದಳು. ಎಲ್ಲಿ ಭೂಮಿ ಎಷ್ಟು ನಡುಗಬಹುದೆಂದು ಅದರಲ್ಲಿ ಬಣ್ಣಬಣ್ಣ ಹಚ್ಚಿದ್ದರು. ಹಿಮಾಲಯದವರಿಗೆ ಕಣ್ಣು ಕುಕ್ಕುವ ಬಣ್ಣ. ನಮಗೆ ಮಜ್ಜಿಗೆ ನೀರಿನಂಥ ಒಂದು ಬಣ್ಣ. ನಮ್ಮದು ಕಡಿಮೆ ಅಪಾಯದ ವಲಯ, ಆದರೂ ಲೆಕ್ಕ ಬಿಡುವ ಹಾಗಿಲ್ಲ ಎಂದು ಅವಳು ವಿವರಿಸಿದಳು. ಸಂತೋಷಪಡಬೇಕಿತ್ತು. ನಮಗೆ ಅವಮಾನವಾಯಿತು. ಯಾರನ್ನು ಕೇಳಿ ಈ ಬಣ್ಣ ಹಚ್ಚಿದರು? ಆಗುಂಬೆಯ ಮಗ್ಗುಲಲ್ಲಿ ಕೂತು, ಆಕಾಶ ಹರಿದು ಬೀಳುವ ಮಳೆಯನ್ನು ತಲೆಯ ಮೇಲೆ ಹೊತ್ತವರು ನಾವು. ನಮಗೆ ಎರಡನೇ ದರ್ಜೆಯ ಭೂಕಂಪವೇ? ಶೃಂಗೇರಿಯಿಂದ ಬಂದಿದ್ದ ಸದಸ್ಯರು, ಕೊಪ್ಪದ ಮಾತು ಹೇಗಾದರೂ ಇರಲಿ, ದೂರದೂರದ ಯಾತ್ರಿಕರು ಬಂದು ಉಳಿಯುವ ತಮ್ಮೂರಿಗಾದರೂ ಒಂದು ದರ್ಜೆ ಮೇಲಿನದನ್ನು ಕೊಡಬೇಕಿತ್ತು ಎಂದರು. ನರಸಿಂಹರಾಜಪುರದವರು ತಮ್ಮಲ್ಲಿ ಭದ್ರೆಯ ಹಿನ್ನೀರಿದೆ, ಭೂಕಂಪಕ್ಕೆ ಬೇಕಾದ ಸಕಲ ಅನುಕೂಲವೂ ಇದೆ, ಕೇಳುವವರಿಲ್ಲ ಅಷ್ಟೆ ಎಂದರು. ನಾನು ಎದ್ದು ನಿಂತು, ಕೊಪ್ಪಕ್ಕೆ ಭೂಕಂಪ ಇಲ್ಲದಿದ್ದರೇನು, ನಾನಿಲ್ಲವೇ ಎಂದು ಕೇಳಿದೆ. ಅಕ್ಷತಾ ನಕ್ಷೆ ಮಡಚಿದಳು.

ಕಂಬಗಳು ಎದ್ದವು. ಎರಡು ಸಾಲು, ಬುಡದಲ್ಲಿ ದಪ್ಪ ಉಕ್ಕಿನ ತಟ್ಟೆ, ತಟ್ಟೆಯನ್ನು ಕಾಂಕ್ರೀಟಿಗೆ ಕಚ್ಚಿ ಹಿಡಿದ ಬೋಲ್ಟುಗಳು. ನರಸಿಂಹರಾಜಪುರದ ವೆಲ್ಡರ್ ಜೋಯಿ ಪ್ರತಿ ನಟ್ಟನ್ನೂ ಬಿಗಿದ ಮೇಲೆ, ಅಕ್ಷತಾ ಕುಂಚ ಹಿಡಿದು ನಟ್ಟಿಗೂ ಬೋಲ್ಟಿಗೂ ಸೇರುವ ಹಾಗೆ ಒಂದೊಂದು ಹಳದಿ ಗೆರೆ ಎಳೆದಳು. ನಟ್ಟು ತುಸು ಸಡಿಲಾದರೂ ಗೆರೆ ಮುರಿದು ಕಾಣುತ್ತದಂತೆ. ನಾನದನ್ನು ಕುಂಕುಮ ಹಚ್ಚುವ ಶಾಸ್ತ್ರದ ಪರ್ಯಾಯವೆಂದುಕೊಂಡೆ. ಉದ್ದಕ್ಕೆ ಎರಡೂ ತುದಿಯ ಕಂಬಗಳ ನಡುವೆ ಕತ್ತರಿ ಆಕಾರದ ಸರಳುಗಳು. ಅಡ್ಡಕ್ಕೆ ಏನೂ ಇಲ್ಲ, ಬಡಿಸುವವರು ಓಡಾಡಬೇಕಲ್ಲ. ಹಲಗೆಗಳು ಮೇಲೇರಿದ ದಿನವೇ ಮೂರು ತಾಲೂಕಿನ ಹಿರಿಯರೂ ಕಂಬ ನೋಡಲು ಬಂದರು. ಸಾಲಾಗಿ ನಿಂತು ಒಬ್ಬೊಬ್ಬರೂ ಅಲ್ಲಾಡಿಸಿದರು, ತಲೆಯೆತ್ತಿ ನೋಡಿದರು, ಹೂಂ ಎಂದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ಉದ್ದಕ್ಕೆ ತಳ್ಳಿದೆ, ಬೆಟ್ಟ ತಳ್ಳಿದ ಹಾಗಾಯಿತು. ಅಡ್ಡಕ್ಕೆ ತಳ್ಳಿದೆ. ಕಣ್ಣಿಗೆ ಕಾಣುವಷ್ಟಲ್ಲ, ಅಂಗೈಗೆ ತಿಳಿಯುವಷ್ಟು, ಮಲಗಿದ ಹಸುವಿನ ಪಕ್ಕೆ ಮುಟ್ಟಿದಾಗ ಸಿಗುತ್ತದಲ್ಲ, ಅಂಥದೊಂದು ಸಣ್ಣ ಅಲುಗಾಟ ಸಿಕ್ಕಿತು. ನಾನು ಹೂಂ ಎನ್ನಲಿಲ್ಲ. ಗೋಪಾಲಣ್ಣನ ಕಡೆ ತಿರುಗಿ, ಮುಖವನ್ನು ಸಾಧ್ಯವಾದಷ್ಟು ಗಂಭೀರ ಮಾಡಿಕೊಂಡು, "ಗೋಪಾಲ, ಇದು ಉಸಿರಾಡ್ತಾ ಇದೆ ಮಾರಾಯ" ಎಂದೆ.

ಗೋಪಾಲಣ್ಣನ ಮುಖದ ಬಣ್ಣ ನಕ್ಷೆಯಲ್ಲಿ ನಮ್ಮ ಊರಿಗಿದ್ದ ಬಣ್ಣವಾಯಿತು. ಅವನ ಮೊಮ್ಮಗಳ ಮದುವೆ ಅದೇ ಅಂಗಳದಲ್ಲಿ ನಿಶ್ಚಯವಾಗಿತ್ತು. ಅಕ್ಷತಾಳಿಗೆ ಸಿಟ್ಟು ಬಂದರೂ ಸಮಾಧಾನದಿಂದ ಹೇಳಿದಳು. ಶೃಂಗೇರಿ ಬಸ್ಸಿನಲ್ಲಿ ನಿಂತು ಹೋಗಿದ್ದೀರಲ್ಲ, ತಿರುವಿನಲ್ಲಿ ಡ್ರೈವರು ಎಳೆದಾಗ ಯಾರು ಬೀಳುತ್ತಾರೆ? ಕೋಲಿನ ಹಾಗೆ ಸೆಟೆದು ನಿಂತವರು. ಯಾರು ಬೀಳುವುದಿಲ್ಲ? ಮೊಣಕಾಲು ಸಡಿಲ ಬಿಟ್ಟು, ಬಸ್ಸು ಹೋದ ಕಡೆ ಹೋಗಿ, ಮತ್ತೆ ಬಂದು ನಿಲ್ಲುವವರು. ಭೂಕಂಪವೆಂದರೆ ಮೇಲಿನಿಂದ ಏನೋ ಬೀಳುವುದಲ್ಲ, ಕಾಲ ಕೆಳಗಿನ ನೆಲ ಬಸ್ಸಾಗುವುದು. ಆಗ ಕಂಬ ತುಸು ಬಗ್ಗಬೇಕು, ಮುರಿಯಬಾರದು, ಅದಕ್ಕೆಂದೇ ಹೀಗೆ ಮಾಡಿದ್ದೇನೆ, ಎಂದಳು. ನನಗೆ ಅರ್ಥವಾಯಿತು. ಅರ್ಥವಾಯಿತೆಂದು ಹೇಳಿಬಿಟ್ಟರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ನನ್ನಂಥ ಪ್ರತಿಭಾವಂತನಿಗೆ ಅದು ಶೋಭಿಸುವುದಿಲ್ಲ.

ಮರುದಿನ ಬೆಳಿಗ್ಗೆ ಹೋಗಿ, ನಡುವಿನ ತೊಲೆಗೆ ತೆಂಗಿನ ನಾರಿನ ಹಗ್ಗ ಕಟ್ಟಿ, ಜುಟ್ಟು ಬಿಟ್ಟ ಒಂದು ಕಾಯಿಯನ್ನು ನೇತುಹಾಕಿದೆ. ಕೆಳಗೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದೆ. ಗೋಪಾಲಣ್ಣನನ್ನು ಕರೆದು, ಇದು ಭೂಕಂಪ ಅಳೆಯುವ ಹಳೆಯ ವಿಧಾನ, ಕಾಯಿ ವೃತ್ತದ ಒಳಗೇ ಇದ್ದರೆ ಚಿಂತೆಯಿಲ್ಲ, ವೃತ್ತ ದಾಟಿತೋ ಮಕ್ಕಳುಮರಿಯನ್ನು ಕರೆದುಕೊಂಡು ಬಯಲಿಗೆ ಹೋಗಬೇಕು ಎಂದೆ. ನಗುತ್ತಾನೆ ಎಂದುಕೊಂಡಿದ್ದೆ. ಅವನು ಜುಟ್ಟು ಯಾವ ದಿಕ್ಕಿಗಿರಬೇಕು ಎಂದು ಕೇಳಿದ.

ಅಲ್ಲಿಂದ ಮುಂದೆ ಅದು ನನ್ನ ಕೈಯಲ್ಲಿ ಉಳಿಯಲಿಲ್ಲ, ನೋಡಿ. ಬೆಳಿಗ್ಗೆ ಹಾಲು ಕೊಡಲು ಹೋಗುವವರು ಕಾಯಿ ನೋಡಿಕೊಂಡು ಹೋಗತೊಡಗಿದರು. ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಸುಪ್ರಭಾತದ ಚಿತ್ರಗಳ ಜಾಗದಲ್ಲಿ "ಕಾಯಿ ಶಾಂತವಾಗಿದೆ" ಎಂಬ ಸಂದೇಶ ಬರಲಾರಂಭಿಸಿತು. ಕೆಳಗೆ ಎಲ್ಲರೂ ಕೈ ಮುಗಿಯುತ್ತಿದ್ದರು. ಗಾಳಿ ಬೀಸಿದ ದಿನ "ಕಾಯಿ ಚಿಂತೆಯಲ್ಲಿದೆ". ಒಂದು ದಿನ ಕಾಗೆ ಬಂದು ಅದರ ಮೇಲೆ ಕೂತು ಹಾರಿಹೋದದ್ದರಿಂದ ಇಡೀ ಹಿರೇಕೊಡಿಗೆ ಮಧ್ಯಾಹ್ನದ ಊಟವನ್ನು ಬಯಲಿನಲ್ಲಿ ಮಾಡಿತು. ಶೃಂಗೇರಿಯವರು ತಮಗೂ ಒಂದು ಬೇಕೆಂದು ಹೇಳಿಕಳಿಸಿದರು. ಎಳನೀರಾದರೆ ಒಳಗಿನ ನೀರೂ ಅಲುಗಿ ಸೂಕ್ಷ್ಮ ಚೆನ್ನಾಗಿ ತಿಳಿಯುತ್ತದೆ ಎಂದು ನರಸಿಂಹರಾಜಪುರದವರು ವಾದಿಸಿದರು. ಆ ವಾದವನ್ನು ಖಂಡಿಸಲು ನಾನು ಒಂದು ಸಂಜೆ ಪೂರ್ತಿ ಮಾತಾಡಿದೆ. ಮನೆಗೆ ಬರುವಾಗ, ನಾನೇ ಕಟ್ಟಿದ ಸುಳ್ಳನ್ನು ಅದರ ವಿರೋಧಿಗಳಿಂದ ಕಾಪಾಡಿಕೊಂಡು ಬರುತ್ತಿದ್ದೇನಲ್ಲ ಎಂದು ಹೊಳೆದು, ದಾರಿಯಲ್ಲಿ ನಿಂತು ನಕ್ಕೆ. ಶಾಸ್ತ್ರಗಳು ಹುಟ್ಟುವುದು ಹೀಗೆಯೇ ಇರಬೇಕು. ಯಾರೋ ಒಬ್ಬ ತಮಾಷೆಗೆ ನೇತುಹಾಕುತ್ತಾನೆ. ಯಾರೋ ಒಬ್ಬ ಗಂಭೀರವಾಗಿ ದಿಕ್ಕು ಕೇಳುತ್ತಾನೆ.

ಆದರೆ ಹೆದರಿದವನು ಸುಮ್ಮನಿರುವುದಿಲ್ಲ. ಅಕ್ಷತಾ ಬೇರೆ ಕೆಲಸದ ಮೇಲೆ ಊರಿನಲ್ಲಿಲ್ಲದ ವಾರ ನೋಡಿಕೊಂಡು ಗೋಪಾಲಣ್ಣ ಗಾರೆಯವರನ್ನು ಕರೆಸಿ, ತೆಂಕಣ ಸಾಲಿನ ಕಂಬಗಳನ್ನೆಲ್ಲ ಒಳಗೆ ಹಾಕಿಕೊಂಡು ಸೊಂಟದೆತ್ತರಕ್ಕೆ ಜಂಬಿಟ್ಟಿಗೆ ಕಲ್ಲಿನ ದಪ್ಪ ಕಟ್ಟೆ ಕಟ್ಟಿಸಿದ. ಕಂಬಕ್ಕೆ ಬಲವೂ ಬಂತು, ಕೂರಲು ಜಾಗವೂ ಆಯಿತು ಎಂದು ಅವನ ಲೆಕ್ಕ. ನಮ್ಮವರಿಗೂ ಅದು ಸರಿ ಕಂಡಿತು. ಕಟ್ಟೆಯಿಲ್ಲದ ಕಂಬ ಎಂದರೆ ತಾಂಬೂಲ ಎಲ್ಲಿಟ್ಟುಕೊಳ್ಳುವುದು, ಹೇಳಿ? ಬಲ ಹೆಚ್ಚಲಿ ಎಂದು ಎತ್ತರ ತುಸು ಹೆಚ್ಚೇ ಆದ್ದರಿಂದ, ಹತ್ತಿ ಕೂರಲು ಒಂದು ಸ್ಟೂಲು ಇಡಬೇಕಾಯಿತು.

ಅಕ್ಷತಾ ಬಂದು ನೋಡಿದಳು. ಕಟ್ಟೆಯ ಉದ್ದಕ್ಕೂ ಒಮ್ಮೆ ನಡೆದು ಬಂದಳು. ಆಮೇಲೆ ಕಟ್ಟೆ ಒಡೆಸಿ ಎಂದಳು. ಒಂದು ಸಾಲಿನ ಕಂಬಗಳಿಗೆ ಉದ್ದ ಕಾಲು ಬಿಟ್ಟು, ಇನ್ನೊಂದು ಸಾಲಿನ ಕಾಲನ್ನು ಅರ್ಧಕ್ಕೆ ಹೂತರೆ, ನೆಲ ಅಲ್ಲಾಡಿದಾಗ ಉದ್ದ ಕಾಲಿನವು ಬಗ್ಗುತ್ತವೆ, ಗಿಡ್ಡ ಕಾಲಿನವು ಬಗ್ಗಲಾರದೆ ಹೊಡೆತವನ್ನೆಲ್ಲ ತಾವೇ ತಿಂದು, ಕಟ್ಟೆ ಮುಗಿಯುವ ಜಾಗದಲ್ಲೇ ಕತ್ತರಿಸಿಹೋಗುತ್ತವೆ ಎಂದಳು. ನಮಗೆ ತಿಳಿಯಲೆಂದು ಒಂದು ಉದಾಹರಣೆಯನ್ನೂ ಕೊಟ್ಟಳು. ಸಾಂಬಾರಿನ ಕೊಪ್ಪರಿಗೆಯನ್ನು ನಾಲ್ಕು ಜನ ಎತ್ತುವಾಗ ಮೂವರು ಬಗ್ಗಿಕೊಂಡು, ಒಬ್ಬ ಮಾತ್ರ ಸೆಟೆದು ನಿಂತರೆ, ಭಾರವೆಲ್ಲ ಅವನ ಮೇಲೇ ಬಂದು ಅವನ ಸೊಂಟವೇ ಹಿಡಿದುಕೊಳ್ಳುವುದಿಲ್ಲವೇ? ಪಾಪ, ಅವಳಿಗೆ ಗೊತ್ತಿರಲಿಲ್ಲ. ಗೋಪಾಲಣ್ಣನ ಸೊಂಟ ಹಿಡಿದದ್ದು ಕೊಪ್ಪರಿಗೆ ಎತ್ತುವಾಗಲೇ. ಸಭೆ ಕಷ್ಟಪಟ್ಟು ನಗು ತಡೆಯಿತು. ನಾನು ತಡೆಯಲಿಲ್ಲ.

ಗೋಪಾಲಣ್ಣ ಕೆರಳಿದ. ಕಟ್ಟೆ ಇರುತ್ತದೆ, ಬೇಕಾದರೆ ಇನ್ನೊಂದು ಸಾಲಿಗೂ ಕಟ್ಟಿಸುತ್ತೇನೆ, ಉಸಿರಾಡುವ ಚಪ್ಪರದ ಕೆಳಗೆ ನನ್ನ ಮೊಮ್ಮಗಳನ್ನು ಕೂರಿಸುವುದಿಲ್ಲ ಎಂದ.

"ಹಾಗಾದ್ರೆ ನನ್ನ ಹೆಸರು ತೆಗೀರಿ ಗೋಪಾಲ ಮಾವ" ಎಂದಳು ಅಕ್ಷತಾ. ದನಿ ಏರಿಸಲಿಲ್ಲ. "ಕಟ್ಟೆ ಇರೋ ಚಪ್ಪರ ನಾನು ಮಾಡಿದ್ದಲ್ಲ. ನನ್ನ ಸಹಿ ಅದರ ಮೇಲೆ ಇರಬಾರದು. ಮದುವೆಗೂ ನಾನು ಬರಲ್ಲ, ಕೆಳಗೆ ನಿಂತು ಊಟ ಮಾಡೋ ಧೈರ್ಯ ನಂಗಿಲ್ಲ."

ಆಗ ನನಗೆ ನಗು ನಿಂತಿತು. ಮೊದಲನೆಯ ಕೆಲಸದಿಂದಲೇ ಹೆಸರು ಹಿಂತೆಗೆದುಕೊಂಡ ಎಂಜಿನಿಯರಿಗೆ ಈ ಮೂರು ಊರುಗಳಲ್ಲಿ ಎರಡನೆಯ ಕೆಲಸ ಯಾರು ಕೊಡುತ್ತಾರೆ? ಹೆಸರು ಉಳಿಸಿಕೊಳ್ಳಲು ಹೆಸರು ತೆಗೆಸುತ್ತೇನೆ ಎನ್ನುವ ಆ ಹುಡುಗಿಯ ಎದುರು, ತೊಲೆಯಿಂದ ನೇತಾಡುವ ನನ್ನ ಕಾಯಿ ತೀರಾ ಬೋಳಾಗಿ ಕಂಡಿತು. ಗೋಪಾಲಣ್ಣ ಕೊನೆಗೆ ಹೇಳಿದ್ದು ಇಷ್ಟು: ಶೀನ ಬಂದು ಮತ್ತೊಮ್ಮೆ ಕಂಬ ನೋಡಲಿ, ಅವನು ಹೇಳಿದ ಹಾಗೆ. ಅಂದರೆ ಓದಿದವಳ ಲೆಕ್ಕ ಒಂದು ಕಡೆ, ನನ್ನ ಅಂಗೈ ಇನ್ನೊಂದು ಕಡೆ. ನೀವಾಗಿದ್ದರೆ ಅಲ್ಲೇ ಹೂಂ ಎಂದು ಮುಗಿಸುತ್ತಿದ್ದಿರಿ. ನಾನು ಯೋಚಿಸಿದೆ. ಬರೀ ಹೂಂ ಎಂದರೆ, ತಮ್ಮನ ಮಗಳೆಂದು ಹೇಳಿದ ಎನ್ನುತ್ತಾರೆ. ಈ ಜನಕ್ಕೆ ಬೇಕಾದ್ದು ಭೂಕಂಪ. ಸರಿ, ಕೊಡೋಣ.

ಭಾನುವಾರ ಬೆಳಿಗ್ಗೆ, ಅಕ್ಷತಾಳಿಗೆ ಹೇಳದೆ, ಮೂರು ತಾಲೂಕಿನ ಗಟ್ಟಿಗರನ್ನು ಅಂಗಳಕ್ಕೆ ಕರೆಸಿದೆ. ಗಟ್ಟಿಗರು ಎಂದರೆ, ನನ್ನ ವಯಸ್ಸಿನವರಲ್ಲಿ ಗಟ್ಟಿಗರು. ಅವಲಕ್ಕಿ, ಬಾಳೆಹಣ್ಣು, ಕಾಫಿಯ ವ್ಯವಸ್ಥೆಯಾಯಿತು. ಬರಿಹೊಟ್ಟೆಯಲ್ಲಿ ಭೂಕಂಪ ಮಾಡುವ ಸಂಪ್ರದಾಯ ನಮ್ಮಲ್ಲಿಲ್ಲ. ಪ್ರತಿ ಕಂಬಕ್ಕೂ ಜನ ನಿಂತರು. ಕೊಪ್ಪದವರು ಒಂದು ಸಾಲು ಹಿಡಿದರು. ಶೃಂಗೇರಿಯವರು ಎದುರಿನ ಸಾಲು. ನರಸಿಂಹರಾಜಪುರದವರು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ತಳ್ಳಿ ಎಂದೆ. ತಳ್ಳಿದರು. ಕೊಪ್ಪದವರು ಶೃಂಗೇರಿಯ ಕಡೆಗೆ, ಶೃಂಗೇರಿಯವರು ಕೊಪ್ಪದ ಕಡೆಗೆ. ಬೆವರು ಹರಿಯಿತು, ಒಬ್ಬರ ಪಂಚೆ ಸಡಿಲವಾಯಿತು, ಚಪ್ಪರ ಮಾತ್ರ ಮಿಸುಕಲಿಲ್ಲ. ಕಾಯಿ ಶಾಂತವಾಗಿತ್ತು. ಮೂರು ತಾಲೂಕು ಸೇರಿ ಒಂದು ಕೆಲಸ ಮಾಡಿದರೆ ಆಗುವುದು ಸಾಮಾನ್ಯವಾಗಿ ಇಷ್ಟೇ, ಅದರಲ್ಲಿ ಆಶ್ಚರ್ಯವಿಲ್ಲ.

ಎಲ್ಲರೂ ಒಂದೇ ಕಡೆಗೆ, ಒಟ್ಟಿಗೆ ತಳ್ಳಬೇಕೆಂದು ತಿದ್ದಿದೆ. ಒಟ್ಟಿಗೆ ಆಗಬೇಕಾದರೆ ತಾಳ ಬೇಕು. ತಾಳ ಹಾಕುವುದರಲ್ಲಿ ನನ್ನನ್ನು ಮೀರಿಸಿದವರು ಭಜನೆಯ ಸಾಲಿನಲ್ಲಿ ಇನ್ನೂ ಕೂತಿಲ್ಲ, ಅದನ್ನು ಬೇರೆ ಹೇಳಬೇಕಾಗಿಲ್ಲ. ಸ್ಟೂಲಿನ ಮೇಲೆ ಕಾಲಿಟ್ಟು ಗೋಪಾಲಣ್ಣನ ಕಟ್ಟೆಯನ್ನೇರಿ ಕೂತೆ; ತನ್ನ ಕಟ್ಟೆಯ ಬಲವನ್ನು ಕಣ್ಣಾರೆ ನೋಡಲು ಅವನು ನನ್ನ ಪಕ್ಕಕ್ಕೆ, ಕೆಳಗೆ ಕುರ್ಚಿ ಹಾಕಿಸಿಕೊಂಡ. ಕೈತಾಳ ಹಿಡಿದು ಮೊದಲು ವಿಲಂಬದಲ್ಲಿ ಆರಂಭಿಸಿದೆ. ತಾಳಕ್ಕೊಂದು ತಳ್ಳು. ಏನೂ ಆಗಲಿಲ್ಲ. ತುಸು ವೇಗ ಹೆಚ್ಚಿಸಿದೆ. ಆಗಲೂ ಇಲ್ಲ. ಉಯ್ಯಾಲೆ ತೂಗಿದವರಿಗೆ ಗೊತ್ತು. ಅದಕ್ಕೆ ಅದರದ್ದೇ ಒಂದು ಲೆಕ್ಕ, ಆ ಲೆಕ್ಕಕ್ಕೆ ಸರಿಯಾಗಿ ತಳ್ಳಿದರೆ ಮಗುವಿನ ಕೈಗೂ ಒಲಿಯುತ್ತದೆ, ಇಲ್ಲದಿದ್ದರೆ ಪೈಲ್ವಾನನ ಮೂಗಿಗೇ ಬಂದು ಬಡಿಯುತ್ತದೆ. ಈ ಉಕ್ಕಿನ ಉಯ್ಯಾಲೆಯ ಲೆಕ್ಕವನ್ನು ಹುಡುಕುತ್ತಾ, ಭಜನೆಯ ಕೊನೆಯಲ್ಲಿ ಮಂಗಳಾರತಿಗೆ ಮೊದಲು ಎಲ್ಲರೂ ಮೈಮರೆಯುತ್ತಾರಲ್ಲ, ಆ ದ್ರುತಕ್ಕೆ ಬಂದೆ.

ಚಪ್ಪರ ಭಜನೆಗೆ ಸೇರಿಕೊಂಡಿತು.

ಹಾಗೆಂದರೆ ಹೇಗೆಂದು ಕೇಳಬೇಡಿ. ಮೊದಲು ಹಲಗೆಗಳು ಹಲ್ಲು ಕಡಿದ ಸದ್ದು ಮಾಡಿದವು. ಆಮೇಲೆ ತೊಲೆಗಳು ಹೂಂ ಎಂದವು. ನಾನು ಅಷ್ಟು ವರ್ಷ ಅಂದ ಹೂಂಗಳನ್ನೆಲ್ಲ ಒಟ್ಟು ಮಾಡಿ ಹಿಂದಿರುಗಿಸಿದ ಹಾಗಿತ್ತು. ಮಾಡು ಅತ್ತ ಹೋಗಿ ಇತ್ತ ಬರುವುದು ಕಣ್ಣಿಗೇ ಕಾಣತೊಡಗಿತು. ಕಾಯಿ ವೃತ್ತದಿಂದ ಆಚೆ ಕಾಲಿಟ್ಟಿತು. ನಾನು ತಾಳ ನಿಲ್ಲಿಸಬೇಕಿತ್ತು. ಆದರೆ ಒಳ್ಳೆಯ ತಾಳಕ್ಕೆ ಸಿಕ್ಕಿದ ಕೈ ನಿಲ್ಲುವುದಿಲ್ಲ, ಅದೂ ತಾನಾಗಿಯೇ ನಡುಗುವ ಕೈ. ಕಾಯಿ ವೃತ್ತ ದಾಟಿದರೆ ಬಯಲಿಗೆ ಓಡಬೇಕೆಂದು ನಾನೇ ಕಲಿಸಿದ್ದೆನಲ್ಲ, ಒಬ್ಬನಾದರೂ ಓಡಿದನೇ? ಇಲ್ಲ. ಹೆದರಿದ ಕೂಡಲೇ ನಮ್ಮವರು ತಲತಲಾಂತರದಿಂದ ಏನು ಮಾಡಿದ್ದಾರೋ ಅದನ್ನೇ ಮಾಡಿದರು. ಹತ್ತಿರದ ಕಂಬವನ್ನು ತಬ್ಬಿಕೊಂಡರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರವೆಂಬ ಭೇದವಿಲ್ಲದೆ, ಸಿಕ್ಕ ಕಂಬಕ್ಕೆ ಸಿಕ್ಕವರು ಕಣ್ಣು ಮುಚ್ಚಿ ಅಂಟಿಕೊಂಡರು. ಅಷ್ಟೂ ಮೈಗಳ ಭಾರಕ್ಕೂ ಮೆದುತನಕ್ಕೂ ಚಪ್ಪರ ನಾಚಿಕೊಂಡಂತೆ ನಿಧಾನವಾಗಿ ಶಾಂತವಾಯಿತು.

ಅಷ್ಟರೊಳಗೆ ನನ್ನ ಕೆಳಗೆ ಒಂದು ಸದ್ದಾಗಿತ್ತು. ಕಟ್ಟೆಯ ಹೊಸ ಗಾರೆ ಕಂಬದ ಮಗ್ಗುಲಿನಿಂದ ಸೀಳಿ, ತುದಿಯ ಕಲ್ಲು ಹೊರಕ್ಕೆ ಜಾರಿ, ಅದರ ಹಿಂದೆ ನಾನು, ನನ್ನ ಹಿಂದೆ ಕೈತಾಳ, ಎಲ್ಲರೂ ಕ್ರಮವಾಗಿ ಗೋಪಾಲಣ್ಣನ ಕಡೆಗೆ ಹೊರಟೆವು. ಕಲ್ಲು ಅವನ ಕಾಲನ್ನು ತಪ್ಪಿಸಿ ಕೆಳಗೆ ಬಿತ್ತು, ನಾನೂ ಕೈತಾಳವೂ ಅವನ ತೊಡೆಯ ಮೇಲೆ ನೆಲೆಸಿದೆವು, ದೇವರು ದೊಡ್ಡವನು. ಈ ಮೂರು ತಾಲೂಕುಗಳಲ್ಲಿ ಭೂಕಂಪಕ್ಕೆ ಸಿಕ್ಕಿ ಬಿದ್ದ ಮೊದಲ ಮನುಷ್ಯ ನಾನೇ ಎಂಬುದನ್ನು ದಯವಿಟ್ಟು ನೆನಪಿಡಿ.

ಸ್ಕೂಟರು ನಿಂತ ಸದ್ದಾಯಿತು. ಜೋಯಿ ಫೋನು ಮಾಡಿದ್ದನಂತೆ. ಅಕ್ಷತಾ ಅಂಗಳದ ಬಾಗಿಲಲ್ಲಿ ನಿಂತು, ಕಂಬಕ್ಕೊಂದು ಗೊಂಚಲಿನಂತೆ ಜೋತಿದ್ದ ಹಿರಿಯರನ್ನೂ, ಗೋಪಾಲಣ್ಣನ ತೊಡೆಯ ಮೇಲಿದ್ದ ನನ್ನನ್ನೂ ನೋಡಿದಳು.

"ದೊಡ್ಡಪ್ಪ, ಯಾರು ಯಾರನ್ನ ಹಿಡ್ಕೊಂಡಿದ್ದಾರೆ ಇಲ್ಲಿ?"

 ಅವಳು ಚೀಲ ಕೆಳಗಿಟ್ಟು, ಒಂದೊಂದೇ ಕಂಬದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮಣ್ಣು ಒರೆಸಿ, ಹಳದಿ ಗೆರೆಗಳನ್ನು ನೋಡತೊಡಗಿದಳು. ಕಟ್ಟೆಯೊಳಗೆ ಹೂತಿದ್ದ ಕಂಬಗಳ ಬುಡ ಕಾಣುವಷ್ಟು ಕಲ್ಲನ್ನು ಜೋಯಿ ಸರಿಸಿಕೊಟ್ಟ. ಅವಳು ಒಂದು ಕಂಬದಿಂದ ಇನ್ನೊಂದಕ್ಕೆ ಹೋಗುವಾಗ ಅಲ್ಲಿ ತಬ್ಬಿಕೊಂಡಿದ್ದವರು ಮೆಲ್ಲಗೆ ಕೈಬಿಟ್ಟು ಸರಿದು ನಿಲ್ಲುತ್ತಿದ್ದರು.  ಕೊನೆಯ ಕಂಬ ಮುಗಿಸಿ ಎದ್ದಾಗ ಅವಳ ಮುಖ ಬೆಳ್ಳಗಾಗಿತ್ತು.  

"ಒಂದು ಗೆರೆನೂ ಮುರಿದಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇದು ಪರೀಕ್ಷೆ ಅಂದ್ಕೋಬೇಡಿ ದೊಡ್ಡಪ್ಪ. ನೆಲ ಅಲ್ಲಾಡೋದೇ ಬೇರೆ, ನೀವು ಕುಣಿಯೋದೇ ಬೇರೆ. ಏನಾದ್ರೂ ಆಗಿದ್ರೆ? ನನ್ನ ಹೆಸರು ಬಿಡಿ, ನೀವು ಕೆಳಗಿದ್ರಲ್ಲ."

ನಾನು ಕೂತಲ್ಲಿಂದಲೇ ಕೈತಾಳವನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ. 

ಗೋಪಾಲಣ್ಣ ನನ್ನನ್ನು ತೊಡೆಯಿಂದಿಳಿಸಿ, ಕಷ್ಟಪಟ್ಟು ಎದ್ದು, ಕಟ್ಟೆಯ ಹತ್ತಿರ ಹೋದ. ಸೀಳು ಕಟ್ಟೆಯ ನೆತ್ತಿಯಲ್ಲಿ, ಕಂಬ ಹೊರಬರುವ ಕಡೆ, ಅವನ ಸೊಂಟಕ್ಕೆ ಸರಿಯಾದ ಎತ್ತರದಲ್ಲಿ ಆರಂಭವಾಗಿತ್ತು. ಒಂದು ಕೈಯ ಬೆರಳನ್ನು ಸೀಳಿನೊಳಗಿಟ್ಟ. ಇನ್ನೊಂದು ಕೈ ತಾನಾಗಿಯೇ ಅವನ ಬೆನ್ನಿನ ಕೆಳಭಾಗಕ್ಕೆ ಹೋಯಿತು. 

"ನಂಗೆ ಹಿಡಿದ ಜಾಗವೇ ಮಾರಾಯ" ಎಂದ. ಯಾರಿಗೆ ಹೇಳಿದನೋ, ನನಗೋ ಕಂಬಕ್ಕೋ. ಆಮೇಲೆ ಅಕ್ಷತಾಳಿಗೆ, "ಕಟ್ಟೆ ತೆಗೆಸ್ತೀನಿ ಕೂಸೆ. ಬೆಂಚು ಹಾಕಿದ್ರೆ ಆಗ್ತದಾ? ಬೆಂಚಿಗೂ ಲೆಕ್ಕ ಉಂಟಾ?"

ಬೆಂಚಿಗೆ ಲೆಕ್ಕವಿಲ್ಲ, ಕಂಬಕ್ಕೆ ತಾಗದ ಹಾಗೆ ಎಲ್ಲಿ ಬೇಕಾದರೂ ಹಾಕಿಕೊಳ್ಳಿ, ಕಟ್ಟೆ ಹೋದ ಮೇಲೆ ಮತ್ತೊಮ್ಮೆ ಪ್ರತಿ ಜೋಡಣೆಯನ್ನೂ ನೋಡಿಯೇ ಮದುವೆಗೆ ಬಿಡುತ್ತೇನೆ ಎಂದಳು. ಆ ಕಾಯಿಯನ್ನೂ ಇಳಿಸಬೇಕೆಂದಳು. ಅದಕ್ಕೆ ಮಾತ್ರ ಸಭೆ ಒಂದೇ ದನಿಯಲ್ಲಿ ಆಗದು ಎಂದಿತು. ಎಲ್ಲರಿಗಿಂತ ಮೊದಲು ವೃತ್ತ ದಾಟಿದ್ದು ಅದೇ ಅಲ್ಲವೇ, ಇಷ್ಟು ಕರಾರುವಾಕ್ಕಾದ ಯಂತ್ರವನ್ನು ಇಳಿಸುವುದು ಹೇಗೆಂದು ಶೃಂಗೇರಿಯವರು ಕೇಳಿದರು. ಅಕ್ಷತಾ ಆ ದಿನ ಮೊದಲ ಬಾರಿಗೆ ನಕ್ಕಳು. ಕಾಯಿ ಉಳಿಯಿತು.

ಕಟ್ಟೆ ಹೋಯಿತು, ಬೆಂಚು ಬಂತು, ಮದುವೆಯೂ ಆಯಿತು. ಅಕ್ಷತಾ ಬಂದು, ಚಪ್ಪರದ ನಟ್ಟನಡುವೆ, ಕಾಯಿಯ ಕೆಳಗೇ ಎಲ್ಲರ ಜೊತೆ ಊಟಕ್ಕೆ ಕೂತು, ಎರಡು ಸಲ ಪಾಯಸ ಹಾಕಿಸಿಕೊಂಡಳು. ಗೋಪಾಲಣ್ಣ ಒಂದು ಸಣ್ಣ ಉಕ್ಕಿನ ಫಲಕದಲ್ಲಿ ಅವಳ ಹೆಸರು ಕೆತ್ತಿಸಿ, ಮುಂಭಾಗದ ಕಂಬಕ್ಕೆ ಜೋಯಿಯಿಂದ ಹಾಕಿಸಿದ್ದಾನೆ. ಎಲ್ಲಿ ಕೂರಿಸಿದ್ದಾನೆ ಗೊತ್ತೇ? ಬಂದವರು ಅಲ್ಲಾಡಿಸಲು ಕೈಯಿಡುವ ಎತ್ತರಕ್ಕೆ ಸರಿಯಾಗಿ. ಮುಹೂರ್ತಕ್ಕೆ ಬಂದ ಗಂಡಸರೆಲ್ಲ ಅಭ್ಯಾಸಬಲದಿಂದ ಕಂಬ ಹಿಡಿಯಲು ಕೈ ಚಾಚುತ್ತಾರೆ; ಅಂಗೈಗೆ ಅಕ್ಷರಗಳು ತಾಗುತ್ತವೆ; ಏನಪ್ಪಾ ಎಂದು ಬಗ್ಗಿ ಓದುತ್ತಾರೆ; ಓದಿ, ಅಲ್ಲಾಡಿಸದೆಯೇ ಹೂಂ ಎಂದು ಮುಂದೆ ಹೋಗುತ್ತಾರೆ. ನನ್ನ ವೃತ್ತಿಯನ್ನು ನನ್ನ ತಮ್ಮನ ಮಗಳು ಹೀಗೆ ಮೂರು ಅಕ್ಷರಗಳಲ್ಲಿ ಮುಗಿಸಿದಳು.

ಆದರೂ ನಾನು ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತೇನೆ. ಬೆಂಚಿನಿಂದ ಏಳುವಾಗ ಈಗೀಗ ಮೊಣಕಾಲು ಒಂದು ಕ್ಷಣ ಯೋಚನೆ ಮಾಡುತ್ತದೆ, ನೆಲ ಶೃಂಗೇರಿಯ ಬಸ್ಸಿನ ಹಾಗೆ ತಿರುವು ತೆಗೆದುಕೊಳ್ಳುತ್ತದೆ. ಆಗ ಮುಂಭಾಗದ ಕಂಬಕ್ಕೆ ಕೈಯಿಟ್ಟು ನಿಲ್ಲುತ್ತೇನೆ. ಬಿಸಿಲಿಗೆ ಬೆಚ್ಚಗಾದ ಉಕ್ಕು. ಅದರೊಳಗೆ ಆ ಸಣ್ಣ ಅಲುಗಾಟ ಈಗಲೂ ಸಿಗುತ್ತದೆ. ಕಂಬದ್ದೋ ನನ್ನ ಕೈಯದ್ದೋ ಹೇಳಲಾರೆ. ಹಿಂದೆ ಆಗಿದ್ದರೆ ಖಂಡಿತವಾಗಿ ಹೇಳುತ್ತಿದ್ದೆ. ದಾರಿಯಲ್ಲಿ ಹೋಗುವವರು ನೋಡಿ, ಶೀನಣ್ಣ ಇನ್ನೂ ಕಂಬ ಪರೀಕ್ಷೆ ಮಾಡುವುದು ಬಿಟ್ಟಿಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ನಾನು ತಲೆಯೆತ್ತಿ ಹಲಗೆಗಳ ಕಡೆ ನೋಡಿ, ಅವರಿಗೆ ಕೇಳುವ ಹಾಗೆ ಹೂಂ ಎನ್ನುತ್ತೇನೆ.

ಅಲ್ಲಾಡಿಸುತ್ತಿಲ್ಲ, ಹಿಡಿದುಕೊಂಡಿದ್ದೇನೆ ಎಂಬುದು ನಿಮಗೆ ಮಾತ್ರ ಗೊತ್ತಿರಲಿ.